ಉದ್ದದವರಿಗೆ ಅಡ್ಡಹೆಸರು

ಎತ್ತರಕ್ಕೇ ಹೆಸರು ಬಂತು ಅಂದುಕೊಳ್ಳುತ್ತಾರೆ.
ಎತ್ತರವಿದ್ದದ್ದು ಹೌದು.
ವೆಂತಾ ಹೊಳೆಯ ದಂಡೆಯ ನಮ್ಮೂರಲ್ಲಿ
ಅವರ ಅಳತೆಯ ಮಂಚವೇ ಇರಲಿಲ್ಲ,
ಇಟ್ಟಿಗೆ ಕಾರ್ಖಾನೆಯ ಬಡಗಿ
ಹಳೇ ಬಾಗಿಲುಗಳನ್ನು ಜೋಡಿಸಿ ಮಾಡಿಕೊಟ್ಟ.

ಮೊದಲ ಚಳಿಗಾಲ ಊರು ಏನೇನೋ ಕರೆದು ನೋಡಿತು.
ಏಣಿಗಳು. ದೀಪದ ಕಂಬಗಳು.
ಬೆಣ್ಣೆ ಮಾರುವ ಓನಾ ಕೊಕ್ಕರೆಗಳು ಅಂದಳು.
ಕೊಕ್ಕರೆ ಯಾವೂರ ಸೂರಿನ ಮೇಲಿಲ್ಲ ಹೇಳಿ.
ಒಂದೂ ನಿಲ್ಲಲಿಲ್ಲ,
ಒದ್ದೆ ಗೋಡೆಗೆ ಹಚ್ಚಿದ ಪೋಸ್ಟರು
ಬೆಳಗಾಗುವಷ್ಟರಲ್ಲಿ ಜಾರಿಬೀಳುವ ಹಾಗೆ.

ನಾನು ಅಚ್ಚುಮೊಳೆ ಜೋಡಿಸುವವಳು, ಗೆನೊವೈತೆ.
ಆ ರಾತ್ರಿ ಎಪ್ಪತ್ತೊಂದಕ್ಕೆ ಎಪ್ಪತ್ತು, ಗೆದ್ದದ್ದು ನಾವು.
ಸಂಪಾದಕ ಕ್ಲೆಮೆನ್ಸಾಸ್ ಕೊಟ್ಟದ್ದು ಒಂದೇ ಕಾಲಮ್ಮು,
ಮಿಕ್ಕದ್ದೆಲ್ಲ ಬೀಟ್‌ರೂಟ್ ಇಳುವರಿಯ ಪಾಲು.
ಒಬ್ಬ ಗಿಂತೌತಾಸ್ ಪೆತ್ರುಷ್ಕೆವಿಚ್ಯುಸ್,
ಇನ್ನೊಬ್ಬ ವಿದ್ಮಾಂತಾಸ್ ಸ್ತಾನಿಸ್ಲೊವೈತಿಸ್.
ಕಾಲಮ್ಮಿಗೆ ಹಿಡಿಯುವುದು ಹದಿನಾಲ್ಕು ಮೊಳೆ.
ಹೆಸರುಗಳೂ ಅವರಂತೆಯೇ, ಯಾವ ಮಂಚಕ್ಕೂ ಒಗ್ಗದವು.
ಸಾಲದ್ದಕ್ಕೆ ದಪ್ಪ ಮೊಳೆಯಲ್ಲಿ 'ಸ' ಮುಗಿದಿತ್ತು.
ಉದ್ದದವರಿಗೊಂದು ಅಡ್ಡಹೆಸರು ಬೇಕು,
ಅಡ್ಡಡ್ಡಲಾಗಿ ಹಿಡಿಯುವಂಥದ್ದು.

ಕಿಟಕಿಯಾಚೆ ನೋಡಿದೆ.
ಕಾರ್ಖಾನೆಯ ಜೋಡಿ ಚಿಮಣಿ;
ನೆಲದ ಮೇಲಿದ್ದವರಿಗೆ ತಾಗದ ಗಾಳಿಯಲ್ಲಿ
ಎರಡರ ಹೊಗೆ ಒಂದಾಗಿ ಪೂರ್ವಕ್ಕೆ ವಾಲುತ್ತಿತ್ತು.
ಸಂಜೆ, ಬಿಸಿಯಿಲ್ಲದ ಆ ಅಂಕಣದಲ್ಲಿ
ಬೋಳಿಸಿದ ಎರಡು ತಲೆಗಳಿಂದ ಹಬೆ ಏಳುತ್ತಿದ್ದದ್ದು ನೆನಪಾಯಿತು.
ದು ಕಮಿನೈ. ಎರಡು ಚಿಮಣಿ.
ಜೋಡಿಸಿದೆ, ಹಿಡಿಯಿತು, ಜಾಗ ಮಿಕ್ಕಿತು ಕೂಡ.

ಮೂರನೇ ದಿನ ಬಂದರು,
ಬಾಗಿಲಿಗೆ ತಲೆ ಬಾಗಿಸಿ, ಸಿಟ್ಟಿನಲ್ಲಿ.
"ನಾವು ಸೇದುವುದಿಲ್ಲ" ಅಂದ ಗಿಂತೌತಾಸ್.
ವಿದ್ಮಾಂತಾಸ್ ಸ್ವಲ್ಪ ಹೊತ್ತು ಸುಮ್ಮನಿದ್ದು,
"ಬಡಗಣ ಚಿಮಣಿ ಒಂದು ಮೊಳ ಗಿಡ್ಡ.
ಅದು ಯಾರು?"

ಇಟ್ಟದ್ದು ನಾನೇ. ಆದರೆ ಇಟ್ಟ ಹೆಸರು ಸಾಲದ ಹೆಸರು,
ಅವರು ಅದನ್ನು ತೀರಿಸಿದ್ದು ಮಾರ್ಚಿಯಲ್ಲಿ,
ಪಾನೆವೆಜೀಸ್ ತಂಡ ಬಂದಾಗ.
ಕೊನೆಯ ಚೆಂಡು ರಿಂಗಿಗೆ ಬಡಿದು ಮೇಲೆದ್ದಿತು.
ಅಲ್ಲಿಯವರೆಗೂ ಇಬ್ಬರೂ ಒಟ್ಟಿಗೇ ಹಾರುತ್ತಿದ್ದರು,
ಮೊಣಕೈಗೆ ಮೊಣಕೈ ತಾಕಿಸಿ,
ನನ್ನದು ನನ್ನದು ಅನ್ನುವ ಹಾಗೆ.
ಈ ಸಲ ಗಿಂತೌತಾಸ್ ಹಾರಲಿಲ್ಲ.
ಮಂಡಿ ಬಾಗಿಸಿದ್ದ, ಬೆರಳು ಬಿಡಿಸಿದ್ದ,
ಹಾರಿದ್ದರೆ ಎಟಕುತ್ತಿತ್ತು.
ನಿಂತ. ಬೆನ್ನನ್ನೇ ಗೋಡೆ ಮಾಡಿ
ಮೂವರನ್ನು ತಡೆದು ನಿಂತ,
ಕತ್ತೆತ್ತಿಯೂ ನೋಡದೆ.
ಮೇಲೆ ಯಾರಿದ್ದಾರೆಂದು ಅವನಿಗೆ ಗೊತ್ತಿತ್ತು.

ಓನಾ ತನ್ನ ಕೊಕ್ಕರೆ ಮರೆತು ಕೂಗಿದಳು: ಕಮಿನೈ!
ಆಮೇಲೆ ಇಡೀ ಊರು.
ಗೆದ್ದೆವೋ ಸೋತೆವೋ
ಹಳೇ ಪತ್ರಿಕೆ ತೆಗೆದರೆ ಸಿಕ್ಕೀತು. ನಾನು ತೆಗೆಯುವುದಿಲ್ಲ.

ಏಕವಚನವಿಲ್ಲದ ಹೆಸರು ಅದು.
ವಿದ್ಮಾಂತಾಸನ ಮಂಡಿ ಮುರಿದ ವರ್ಷ
ಒಂದನ್ನೇ ಜೋಡಿಸಿ ನೋಡಿದೆ,
ಅಡುಗೆಮನೆಯ ಒಲೆ ನೆನಪಾಯಿತು ಅಷ್ಟೆ. ಬಿಚ್ಚಿದೆ.

ಅಚ್ಚಾದ ಮೇಲೆ ಮೊಳೆ ಬಿಚ್ಚಿ
ಅದರದರ ಖಾನೆಗೆ ಹಾಕಬೇಕು, ಅದು ಕಸುಬು.
ಆ ಮೊದಲ ರಾತ್ರಿಯ ಎರಡು ಪದ ಮಾತ್ರ
ಸಣಬಿನ ದಾರ ಸುತ್ತಿ ಕಟ್ಟಿಟ್ಟಿದ್ದೆ.
ಅಂದಿನಿಂದ ನಮ್ಮ ದಪ್ಪಕ್ಷರಗಳಲ್ಲಿ
ಒಂದು 'ಕ', ಒಂದು 'ಮ' ಕಡಿಮೆ.
ಸತ್ತವರು, ಮದುವೆಯಾದವರು, ಬೀಟ್‌ರೂಟ್ ಸಂಘದ ಅಧ್ಯಕ್ಷರು
ಎಲ್ಲರೂ ಹೊಂದಿಕೊಂಡರು.

ಬಡಗಣ ಚಿಮಣಿಯನ್ನು ಹೋದ ತಿಂಗಳು ಕೆಡವಿದರು.
ಮಾರನೆಯ ದಿನ ಗಿಂತೌತಾಸ್ ಬಂದ.
ಬಾಗಿಲಿಗೆ ಈಗ ಬಾಗಬೇಕಿಲ್ಲ, ಬಾಗಿಯೇ ಇದ್ದಾನೆ.
ಡ್ರಾಯರಿನಿಂದ ಕಟ್ಟು ತೆಗೆದು ಅಂಗೈಗಿಟ್ಟೆ.
ಸೀಸ. ಭಾರ. ಕನ್ನಡಿಯ ಬರಹ,
ಬಲದಿಂದ ಎಡಕ್ಕೆ.
ಬಹಳ ಹೊತ್ತು ತಿರುಗಿಸಿ ನೋಡಿ
ದಾರದ ಮೇಲೆ ಹೆಬ್ಬೆರಳಿಟ್ಟು ಕೇಳಿದ:
"ಇದರಲ್ಲಿ ನಾನು ಯಾವುದು?"